ಮೆಟ್ಟಿಲು ಅಳೆಯುವವರು

ಯಾರಾದರೂ ದನಿ ಏರಿಸಿದರೆ ಸಾಕು, ಇಪ್ಪತ್ನಾಲ್ಕು ತುಂಬಿದ ನನಗೆ ಇನ್ನೂ ಗಂಟಲು ಕಟ್ಟುತ್ತದೆ. ಡೈರಿಗಲ್ಲದೆ ಯಾರಿಗೂ ಇದನ್ನು ಹೇಳಿಲ್ಲ. ನಮ್ಮ ಕಚೇರಿ ಕೋಣೆಯ ಗೋಡೆಗೆ ಅಂಟಿಸಿದ ಪಟ್ಟಿಯ ಪ್ರಕಾರ ಮನುಷ್ಯನ ನೈತಿಕ ಬೆಳವಣಿಗೆಗೆ ಆರು ಮೆಟ್ಟಿಲು. ಬೈಗುಳಕ್ಕೆ ಹೆದರಿ ನಡೆಯುವುದು ಮೊದಲನೆಯದು, ಮಕ್ಕಳದು. ನೀನು ನನಗೆ, ನಾನು ನಿನಗೆ ಎನ್ನುವುದು ಎರಡನೆಯದು. ನಿಯಮ, ಕರ್ತವ್ಯ ಎಂದು ನಡೆಯುವುದು ನಾಲ್ಕನೆಯದು. ಬೇರೆಯವರು ಎಷ್ಟನೇ ಮೆಟ್ಟಿಲಲ್ಲಿದ್ದಾರೆಂದು ಅಂಕ ಹಾಕುವುದೇ ನನ್ನ ಕೆಲಸ.

ಕಾರ್ಖಾನೆಯೊಂದರ ನಲವತ್ತು ಮೇಲ್ವಿಚಾರಕರಿಗೆ ನಮ್ಮ ಮೇಡಂ ಮೂರು ತಿಂಗಳು ನೀತಿಯ ತರಬೇತಿ ಕೊಟ್ಟಿದ್ದರು. ಯಂತ್ರದ ಮುಂದೆ ಗೆಳೆಯ ನಿದ್ದೆಹೋದರೆ ಮೇಲಿನವರಿಗೆ ತಿಳಿಸುತ್ತೀರಾ, ಏಕೆ? ತರಬೇತಿ ಫಲಿಸಿತೇ ಎಂದು ನೋಡಲು ಮುಂಚೆಯೂ ಆಮೇಲೂ ಕೇಳಿದ ಪ್ರಶ್ನೆ ಇದು. ಉತ್ತರಗಳಿಗೆ ನಾನೂ ಜೊತೆಗೆ ಕೆಲಸ ಮಾಡುವ ಮೇಷ್ಟ್ರೂ ಒಬ್ಬರಿಗೊಬ್ಬರು ತೋರಿಸದೆ ಅಂಕ ಹಾಕಬೇಕು, ಎರಡೂ ತಾಳೆಯಾಗಬೇಕು. ಮೇಷ್ಟ್ರು ನಿವೃತ್ತರು. "ಮೂವತ್ತು ವರ್ಷ ಗಣಿತಕ್ಕೆ ಅಂಕ ಹಾಕ್ದೆ, ಈಗ ಮನಸ್ಸಿಗೂ ಹಾಕ್ತಿದೀನಿ ನೋಡು ಮಗಳೇ," ಎಂದು ನಗುತ್ತಿದ್ದರು.

ತರಬೇತಿಗೆ ಮುಂಚೆ ಒಬ್ಬ ಬರೆದಿದ್ದ: 'ಹೇಳಲ್ಲ. ನಾಳೆ ನಾನು ಮಲಗಿದರೆ ಅವನೂ ಹೇಳಬಾರದು.' ತರಬೇತಿ ಮುಗಿದ ಮೇಲೂ ಅದನ್ನೇ ಬರೆದಿದ್ದ, ಕೊನೆಗೊಂದು 'ವಂದನೆಗಳು' ಸೇರಿಸಿ. ಮೂರು ತಿಂಗಳಲ್ಲಿ ಬೆಳೆದದ್ದು ಅಷ್ಟೇ. ಪೆನ್ಸಿಲಿನಲ್ಲಿ ಎರಡು ಹಾಕಿದೆ. ಮೇಡಂ ಬೆನ್ನ ಹಿಂದೆಯೇ ನಿಂತಿದ್ದರು.

"ಬರೆದದ್ದಷ್ಟೇ ನೋಡಿದ್ರೆ ಹೇಗಮ್ಮ? ಅವನ ಮನಸ್ಸಲ್ಲೇನಿದೆ ನೋಡು. ಇಷ್ಟು ಓದಿ ಅಷ್ಟೂ ಗೊತ್ತಾಗಲ್ವಾ?"

ದನಿ ಏರಿತ್ತು. ಎರಡನ್ನು ಅಳಿಸಿ ನಾಲ್ಕು ಮಾಡಿದೆ. ಅವನಿಗಿಂತ ಕೆಳಗೆ ನಿಂತವಳು ಅವನನ್ನು ಮೇಲಕ್ಕೆ ಹತ್ತಿಸಿದೆ. ಹಾಗೆಯೇ ಇನ್ನೂ ಹದಿನಾರು ಜನರನ್ನು.

ಇಂದು ಬೆಳಿಗ್ಗೆ ಮೇಡಂ ನಮ್ಮಿಬ್ಬರ ಹಾಳೆಗಳನ್ನೂ ಮೇಜಿನ ಮೇಲೆ ಹರಡಿದರು. "ಹದಿನೇಳು ಕಡೆ ತಾಳೆ ಇಲ್ಲ. ಮೇಷ್ಟ್ರೇ, ನಿಮಗೂ ವಯಸ್ಸಾಯ್ತು. ನಾಳೆಯಿಂದ ಬೇರೆಯವರು ಬರ್ತಾರೆ."

ಜಗಳಕ್ಕೆ ನಿಲ್ಲುತ್ತಾರೆ ಅಂದುಕೊಂಡೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ನನ್ನ ಹಾಳೆಯನ್ನು ಮತ್ತೆ ಮತ್ತೆ ನೋಡಿದರು.

"ಇದ್ರೂ ಇರಬಹುದು ಮೇಡಂ. ಹುಡುಗಿ ಓದಿದೋಳು, ಸುಮ್ಮಸುಮ್ಮನೆ ಹಾಕೋಳಲ್ಲ. ನನಗೇ ಅರ್ಥ ಆಗ್ಲಿಲ್ವೇನೋ."

ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದರು. ಡಬ್ಬಿ ಇನ್ನೂ ತುಂಬಿತ್ತು.

ಯಾರೂ ದನಿ ಏರಿಸಿರಲಿಲ್ಲ. ಆದರೂ ನನ್ನ ಗಂಟಲು ಕಟ್ಟಿತು.

"ಮೇಷ್ಟ್ರದ್ದೇ ಸರಿ," ಎಂದೆ. "ನಾನೂ ಮೊದಲು ಎರಡೇ ಹಾಕಿದ್ದೆ ಮೇಡಂ. ನೀವು ಬೈತೀರ ಅಂತ ಹೆದರಿ ತಿದ್ದಿದೆ."