ಓಣಿಯ ಮಗ್ಗಗಳು ನಿಂತ ಸಂಜೆ

ನಮ್ಮ ಮನೆದೇವರು ಬೀರಪ್ಪ ನನಗೆ ಬೇಕಾದದ್ದನ್ನೆಲ್ಲ ಕೊಟ್ಟಿದ್ದಾನೆ. ಜಮಖಂಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತಿಕೆ, ಬನಹಟ್ಟಿಯಲ್ಲಿ ಅಪ್ಪ ಕಟ್ಟಿಸಿದ ಮನೆ, ಸುವರ್ಣಾಳಂಥ ಹೆಂಡತಿ. ಇಷ್ಟು ಕೊಟ್ಟ ಮೇಲೆ ಮನುಷ್ಯ ಸುಮ್ಮನಿರಬೇಕು. ನಾನು ಸುಮ್ಮನಿರದೆ ಒಂದು ಕೊರತೆಯನ್ನು ಹುಡುಕಿಕೊಂಡೆ.

ದಿನವೂ ಬಸ್ಸಿನಲ್ಲಿ ಹೋಗಿಬರುವಾಗ ಮೊಬೈಲಿನಲ್ಲಿ ಬ್ಲೂಸ್ ಎಂಬ ಸಂಗೀತ ಕೇಳುವ ಚಟ ಹತ್ತಿತು. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನ ತಮ್ಮ ಸಂಕಟವನ್ನು ಹಾಡಿಕೊಂಡದ್ದು ಅದು. ಒಂದು ಸಾಲನ್ನು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಕೇಳುತ್ತ ಕೇಳುತ್ತ ನಾನು ಇಳಿಯುವ ಸ್ಟಾಪು ದಾಟಿ ರಬಕವಿಗೆ ಹೋದದ್ದುಂಟು. ಆದರೆ ಕೂಡಿ ಕೇಳುವವರು ಯಾರೂ ಇರಲಿಲ್ಲ. ಅದೇ ಕೊರತೆ. ನಮ್ಮವರೆನ್ನುವ ಒಬ್ಬರಾದರೂ ಪಕ್ಕದಲ್ಲಿ ಕೂತು ಒಂದು ಹಾಡನ್ನು ಪೂರ್ತಿ ಕೇಳಿದರೆ ಸಾಕು ಎಂದು ಜೀವ ಹಾತೊರೆಯುತ್ತಿತ್ತು.

ಒಂದು ಸಲ ಸುವರ್ಣಾಳ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನೋಡಿದೆ. ಆಕೆ ರೊಟ್ಟಿ ತಟ್ಟುತ್ತಲೇ ಒಂದು ಗಳಿಗೆ ಕೇಳಿದಳು.

"ಈ ಮನಶ್ಯಾ ಯಾಕ ಹಿಂಗ ನರಳಾಕತ್ತಾನ್ರಿ? ಮೂಲವ್ಯಾಧಿ ಏನರ ಐತೇನು?"

ಮೊಬೈಲಿನಲ್ಲಿ ತಿಳಿಯದಿದ್ದರೆ ಎದುರಿಗೇ ಹಾಡಿಸಬೇಕೆಂದು ಅಂದೇ ನಿಶ್ಚಯಿಸಿದೆ. ನಿಪ್ಪಾಣಿಯ ಕಡೆಯ ವೈಶಾಲಿ ಎಂಬ ಹುಡುಗಿ ಗಿಟಾರ್ ಹಿಡಿದು ಊರೂರಿಗೆ ಹೋಗಿ, ಮನೆಗಳಲ್ಲೇ ಹಾಡುತ್ತಾಳೆಂದು ತಿಳಿದಿತ್ತು. ಫೋನ್ ಮಾಡಿದೆ. ಹುಬ್ಬಳ್ಳಿಗೆ ಹೋಗುವಾಗ ದಾರಿ ಬಳಸಿ ಒಂದು ಸಂಜೆ ಬರಲು ಒಪ್ಪಿದಳು. ಮೈಕು ಬೇಡ, ಮಂಟಪ ಬೇಡ, ಮನೆಯ ಪಡಸಾಲೆಯಲ್ಲಿ ಕೈಯಳತೆಯ ದೂರದಲ್ಲಿ ಕೂತು ಕೇಳುವ ಹತ್ತು ಹನ್ನೆರಡು ಮಂದಿ ಸಾಕು ಎಂದಳು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ತಯಾರಿಯನ್ನು ನಾನು ಮಾಡಿದ ರೀತಿ ನೋಡಿದ್ದರೆ, ಅಮೆರಿಕದಿಂದ ಯಾರೋ ತಪಾಸಣೆಗೆ ಬರುತ್ತಾರೆ ಎನ್ನಬೇಕು. ಮಂಚ, ಟಿವಿ, ಕುರ್ಚಿಗಳನ್ನೆಲ್ಲ ಹೊರಗೆ ಹಾಕಿ ಪಡಸಾಲೆಯನ್ನು ಬರಿದು ಮಾಡಿದೆ. ಜಮಖಾನೆ ಹಾಸಿದೆ. ಕಚೇರಿಯ ಗೆಳೆಯರಿಗೆ ಮಾತಾಡಬಾರದು, ಕೆಮ್ಮಬಾರದು, ಮೊಬೈಲ್ ಬಂದ್ ಇರಬೇಕು ಎಂದು ಮೊದಲೇ ತಾಕೀತು ಮಾಡಿದೆ. ಅಪ್ಪನದೊಂದು ಸಮಸ್ಯೆಯಿತ್ತು. ಅವನು ಎಷ್ಟೋ ವರ್ಷಗಳಿಂದ ಸಂಜೆ ಕಟ್ಟೆಯ ಮೇಲೆ ಕೂತು, ಹೋಗುವವರು ಬರುವವರನ್ನೆಲ್ಲ ದೊಡ್ಡ ದನಿಯಲ್ಲಿ ವಿಚಾರಿಸುವವನು. ಅವನನ್ನು ಒಳಕೋಣೆಗೆ ಸಾಗಿಸಿ ಬಾಗಿಲು ಮುಂದಕ್ಕೆಳೆದೆ.

"ಲೇ ಎಲ್ಲ್ಯಾ, ನನ್ನ್ಯಾಕ ಕೂಡಿ ಹಾಕ್ತಿಯಲೇ?"

"ಒಂದ್ ತಾಸು ಸುಮ್ನಿರಪಾ. ಶಾಂತ ವಾತಾವರಣ ಬೇಕು."

ಉಳಿದದ್ದು ಮಗ್ಗಗಳ ಸದ್ದು. ನಮ್ಮ ಓಣಿಯಲ್ಲಿ ಮನೆಮನೆಗೂ ಪವರ್‌ಲೂಮ್. ಆ ಖಟಪಟದಲ್ಲೇ ಹುಟ್ಟಿ ಬೆಳೆದವರು ಒಬ್ಬರಿಗೊಬ್ಬರು ಗುಟ್ಟು ಹೇಳುವುದೂ ಕೂಗಿಯೇ. ಪಕ್ಕದ ಮನೆಯ ಈಶ್ವರನ ಹತ್ತಿರ ಹೋಗಿ, ಸಂಜೆ ಒಂದು ತಾಸು ಮಗ್ಗ ನಿಲ್ಲಿಸಪ್ಪಾ ಎಂದು ಕೈ ಮುಗಿದೆ. ಯಾಕೆಂದು ಬಿಡಿಸಿ ಹೇಳಲಿಲ್ಲ. ಅವನಿಗೆಲ್ಲಿ ತಿಳಿಯುತ್ತದೆ ಎಂಬ ಜಂಬ. ಅವನು ನನ್ನ ಮುಖವನ್ನೇ ನೋಡಿ, "ಆತು ಬಿಡ್ರಿ ಸಾಹೇಬ್ರ, ಇದಕ್ಕೆಲ್ಲ ಕೈ ಮುಗೀತಾರೇನು?" ಎಂದು ನನ್ನ ಹೆಗಲು ಮುಟ್ಟಿದ. ಹೆಗಲು ಯಾಕೆ ಮುಟ್ಟಿದ ಎಂದು ಆಗಲೇ ಯೋಚಿಸಬೇಕಿತ್ತು.

ವೈಶಾಲಿ ಬಂದಳು. ಅಪ್ಪ ಒಳಗಿನಿಂದಲೇ ಹಟ ಮಾಡಿದ್ದರಿಂದ ಗಿಟಾರಿಗೆ ಬೀರಪ್ಪನ ಭಂಡಾರದ ಅರಿಸಿನ ಹಚ್ಚಿಸಿದೆವು. ಗೆಳೆಯರು ಚಪ್ಪಲಿಗಳನ್ನು ಬಾಗಿಲಲ್ಲಿ ಬಿಟ್ಟು, ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿ, ತಲೆ ತಗ್ಗಿಸಿ ಕೂತರು. ಈಶ್ವರನ ಮಗ್ಗ ನಿಂತಿತು. ಆಮೇಲೆ ಅದರಾಚೆಯದು, ಎದುರಿನದು, ತಿರುವಿನದು. ನಾನು ಕೇಳಿಕೊಳ್ಳದವರ ಮಗ್ಗಗಳೂ ಒಂದೊಂದಾಗಿ ನಿಂತುಬಿಟ್ಟವು. ನನ್ನ ಕಣ್ಣು ತುಂಬಿ ಬಂತು. ಕಲೆಗೆ ನಮ್ಮ ಓಣಿ ಕೊಡುವ ಮರ್ಯಾದೆ ನೋಡಿ ಎಂದು ಗೆಳೆಯರಿಗೆ ಸನ್ನೆ ಮಾಡಿದೆ. ವೈಶಾಲಿ ಕಣ್ಣು ಮುಚ್ಚಿ, ತಂತಿ ಮೀಟಿ, ಎದೆಯಾಳದಿಂದ ಒಂದು ಕೊರಗಿನ ದನಿ ತೆಗೆದಳು.

ಎರಡನೆಯ ಸಾಲು ಮುಗಿದಿರಲಿಲ್ಲ. ಓಣಿಯ ಹಿರಿಯಳು ಅನಸವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹಿಂದೆ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಹೊಸ್ತಿಲು ದಾಟಿದಳು. ನಡುವೆಯೇ ಕೂತು ಎದೆ ಬಡಿದುಕೊಂಡು ರಾಗ ತೆಗೆದಳು.

"ಎಪ್ಪಾ ಪಾಂಡಪ್ಪಣ್ಣಾ, ಕಟ್ಟಿ ಬರಿದು ಮಾಡಿ ಹೋದೆಲ್ಲೋ... ಹೋಗವರ್ನ ಬರವರ್ನ ಇನ್ನ ಯಾರು ಕೇಳವರೋ..."

ಆಗ ನನ್ನ ತಲೆಗೆ ಬೆಳಕು ಬಿತ್ತು. ನಮ್ಮ ಓಣಿಯಲ್ಲಿ ಕರೆಂಟಿದ್ದೂ ಹೀಗೆ ಒಂದೊಂದಾಗಿ ಮಗ್ಗ ನಿಲ್ಲುವುದು ಒಂದೇ ಕಾರಣಕ್ಕೆ. ಯಾರಾದರೂ ತೀರಿಕೊಂಡರೆ ಪಕ್ಕದ ಮನೆಯ ಮಗ್ಗ ಮೊದಲು ನಿಲ್ಲುತ್ತದೆ; ಅದು ನಿಂತದ್ದು ಕೇಳಿ ಉಳಿದವರು ತಮ್ಮವನ್ನು ನಿಲ್ಲಿಸುತ್ತಾರೆ. ಯಾರೆಂದು ಯಾರೂ ಕೇಳುವುದಿಲ್ಲ, ಬಂದು ನೋಡುತ್ತಾರೆ. ಬಂದವರಿಗೆ ಕಂಡದ್ದಾದರೂ ಏನು? ಬರಿದಾದ ಕಟ್ಟೆ, ಹೊರಗೆ ಹಾಕಿದ ಮಂಚ, ರಾಶಿ ಚಪ್ಪಲಿ, ತಲೆ ತಗ್ಗಿಸಿ ಕೂತ ಜನ, ಒಳಗೆ ಭಜನೆ. ಹುಟ್ಟಿದಾಗಿನಿಂದ ಈ ಪದ್ಧತಿಯಲ್ಲೇ ಬೆಳೆದ ನಾನು ಬ್ಲೂಸ್ ಹುಟ್ಟಿದ ಮಿಸ್ಸಿಸಿಪ್ಪಿಯ ರೀತಿ ರಿವಾಜುಗಳನ್ನು ಬಾಯಿಪಾಠ ಮಾಡಿ, ನನ್ನ ಓಣಿಯದನ್ನು ಮರೆತಿದ್ದೆ.

"ಅನಸವ್ವಾ, ಅಪ್ಪ..." ಎನ್ನುವಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಅಪ್ಪ ಕಂಬಳಿ ಹೊದ್ದು ನಿಂತಿದ್ದ. ಹೆಂಗಸರು ಕಿಟಾರನೆ ಕಿರುಚಿ ಗೋಡೆಗೆ ಸರಿದರು.

"ಯಾಕ ನಿಂತೆವ್ವಾ ಅನಸವ್ವಾ? ಛಲೋ ಹೊಂಟಿತ್ತು. ಮುಂದ ಹಾಡು."

"ಥೂ ನಿನ್ನ! ಸತ್ತಿಲ್ಲೇನೋ ಮುದಿಯಾ?"

"ನನಗೇನು ಗೊತ್ತು? ಸತ್ತೀನಿ ಅಂತ ಈ ಮನ್ಯಾಗ ನನಗ ಯಾರೂ ಹೇಳಿಲ್ಲ."

ವೈಶಾಲಿ ಗಿಟಾರ್ ಬಿಟ್ಟಿರಲಿಲ್ಲ. ಅನಸವ್ವನ ದನಿ ನಿಂತ ಜಾಗದಲ್ಲಿ ತಂತಿಯನ್ನು ಹಾಗೇ ಮಿಡಿಯುತ್ತ, "ಮಾವಶಿ, ಆ ಕಟ್ಟಿ ಸಾಲು ಇನ್ನೊಮ್ಮೆ ಹೇಳ್ರಲಾ," ಎಂದಳು.

ಅಷ್ಟರಲ್ಲಿ ಈಶ್ವರ ಬಾಗಿಲಲ್ಲಿ ತಲೆ ತುರಿಸುತ್ತ ನಿಂತ. "ಸಾಹೇಬ್ರ, ಯಜಮಾನ್ರು ಗಟ್ಟ್ಯಾಗಿ ಅದಾರಲ್ರಿ. ಮಗ್ಗ ಚಾಲೂ ಮಾಡಲ್ಯಾ? ಎಲ್ಲಾರೂ ನನ್ನs ಕೇಳಾಕತ್ತಾರ."

ಮಗ್ಗ ಶುರುವಾದರೆ ಹಾಡು ಮುಗಿದಂತೆ. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಸುಳಿದದ್ದನ್ನು ಬೀರಪ್ಪನೇ ಮನ್ನಿಸಬೇಕು: ಅಪ್ಪ ಇನ್ನೊಂದು ತಾಸು ತಡೆದು ಹೊರಗೆ ಬಂದಿದ್ದರೆ ಏನಾಗುತ್ತಿತ್ತು! ಆದರೆ ನನ್ನನ್ನು ಕಾಪಾಡಿದವನು ಆ ಅಪ್ಪನೇ.

"ಲೇ ಈಶ್ವರಾ, ಸತ್ತರ ದಿನಾ ಪೂರ್ತಿ ನಿಲ್ಲಸ್ತೀರಿ. ಬದುಕೇನಿ ಅಂತ ಒಂದ್ ತಾಸು ನಿಲ್ಲಸಾಕ ನಿಮಗ ಆಗೂದಿಲ್ಲೇನು? ಬಾ, ಕುಂಡ್ರು."

ಈಶ್ವರ ಕೂತ. ಅವನ ಹಿಂದಿದ್ದವರೂ ಕೂತರು. ನಾನೂ ಸುವರ್ಣಾಳ ಪಕ್ಕದಲ್ಲಿ ಜಾಗ ಮಾಡಿಕೊಳ್ಳಲು ಹೋದೆ. ಅನಸವ್ವ ಗದರಿದಳು.

"ನೀ ಎಲ್ಲಿ ಕುಂಡ್ರತೀಯೋ? ಸುದ್ದಿ ತೇರದಾಳತನಕಾ ಹೋಗೇತಿ. ಸತ್ತಾರ ಅಂತ ಯಾರು ಹೇಳಿದ್ರೂ ನಂಬತಾರ. ಸತ್ತಿಲ್ಲ ಅನ್ನೂದನ್ನ ಮಗನs ಹೇಳಬೇಕು. ಹೋಗು, ಬಾಗಲಾಗ ನಿಂದ್ರು."

ನಿಂತೆ. ಅಶುಭ ಸುದ್ದಿ ಕೇಳಿ ಬಂದವರ ಬಾಯಿ ಸಿಹಿ ಮಾಡಲು ಸುವರ್ಣಾ ಒಂದು ಬುಟ್ಟಿ ಬೆಲ್ಲವನ್ನು ಕೈಗಿಟ್ಟು ಒಳಗೆ ಹೋದಳು. ರಬಕವಿಯಿಂದ ಮೋಟರ್ ಸೈಕಲ್ಲುಗಳು ಬಂದವು. ಹುನ್ನೂರಿನಿಂದ ಸೋದರಮಾವ ಅಮಸಿದ್ದಪ್ಪ ಟೆಂಪೋದಲ್ಲಿ ಮಂದಿಯನ್ನು ತುಂಬಿಕೊಂಡು, ಕೈಯಲ್ಲಿ ದೊಡ್ಡ ಹಾರ ಹಿಡಿದುಕೊಂಡು ಅಳುತ್ತ ಇಳಿದ.

"ಮಾವಾ, ಅಪ್ಪಗ ಏನೂ ಆಗಿಲ್ಲ. ಬೆಲ್ಲ ತಗೋರಿ."

"ಪಾಪ, ದುಃಖಕ್ಕ ತಲಿ ತಿರಗೇತಿ ಹುಡುಗಂದು," ಎಂದು ಮಾವ ನನ್ನನ್ನು ತಬ್ಬಿ ಇನ್ನಷ್ಟು ಅತ್ತ. ಒಳಗೆ ಹೋಗಿ ನೋಡಿದವನು ಹೊರಗೆ ಬರಲೇ ಇಲ್ಲ. "ನನಗ ತಂದದ್ದು ನನಗs ಹಾಕಲೇ" ಎಂದು ಅಪ್ಪ ಕೂಗಿದ್ದಷ್ಟೇ ಕೇಳಿಸಿತು. ಕಿಟಕಿಯಿಂದ ಇಣುಕಿದೆ. ಅಪ್ಪ ಹಾರ ಹಾಕಿಸಿಕೊಂಡು ಮೊದಲ ಸಾಲಿನಲ್ಲಿ ಮದುಮಗನಂತೆ ಕೂತಿದ್ದ.

ನಾನು ಯಾರನ್ನು ಸಮಾಧಾನ ಮಾಡಿ ಕಳಿಸಬೇಕೆಂದು ನಿಂತಿದ್ದೆನೋ ಅವರೆಲ್ಲ ಒಳಗೇ ಹೋಗುತ್ತಿದ್ದರು. ಒಳಗೊಮ್ಮೆ ನಗು, ಒಮ್ಮೆ ಮೌನ, ಒಮ್ಮೆ ಯಾರೋ ಮೂಗೊರೆಸಿಕೊಂಡ ಸದ್ದು. ಹಾಡಿನ ತುದಿ ಕಿವಿಗೆ ಸಿಕ್ಕಿತೆನ್ನುವಾಗ ಇನ್ನೊಂದು ಮೋಟರ್ ಸೈಕಲ್ ಬರುತ್ತಿತ್ತು. "ಯಾವಾಗಾತ್ರಿ?" "ಆಗಿಲ್ರಿ, ಬೆಲ್ಲ ತಗೋರಿ." ನಾನೇ ಏರ್ಪಡಿಸಿದ ಸಂಗೀತ ಕಛೇರಿಯನ್ನು ಇಡೀ ಬನಹಟ್ಟಿ ಕೇಳಿತು, ನಾನೊಬ್ಬ ಕೇಳಲಿಲ್ಲ.

ಎಲ್ಲ ಮುಗಿದು, ವೈಶಾಲಿಯನ್ನು ಬಸ್ಸಿಗೆ ಹತ್ತಿಸಿ ಬಂದಾಗ ಸುವರ್ಣಾ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

"ಹೆಂಗಿತ್ತು?" ಎಂದೆ.

"ಹಾಡೂಕಿಂತ ಮೊದಲ ಅರ್ಥ ಹೇಳತಿದ್ಲು ಪಾಪ. ಒಂದ್ ಹಾಡಿನ್ಯಾಗ ಒಬ್ಬಾಕಿನ್ನ ಗಂಡ ಬಿಟ್ಟು ಹೋಗ್ಯಾನ. ಈಕಿ ಅವನ ಅಂಗಿ ಒಗದು ಹಾಕ್ತಾಳ. ಮರುದಿನ ಮತ್ತ ಅದನ್ನs ಒಗೀತಾಳ. ಹೊಲಸಾಗಿರೂದಿಲ್ರೀ ಅದು. ಯಾರೂ ತೊಟ್ಟs ಇಲ್ಲ."

"ಆಮ್ಯಾಲ?"

"ಆಮ್ಯಾಲ ಏನಿಲ್ಲ. ಬಾ ಅಂತ ಒಂದ್ ಮಾತ ಅನ್ನೂದಿಲ್ಲ ಆಕಿ. ಒಗೀತಾಳ, ಅಷ್ಟs."

ಇದೇ ಅವಕಾಶವೆಂದು ನಾನು ಗಂಟಲು ಸರಿಮಾಡಿಕೊಂಡೆ. "ನೋಡು, ಬ್ಲೂಸಿನ್ಯಾಗ ಒಂದs ಸಾಲು ಎರಡು ಸಲ ಬರೂದರ ಹಿಂದಿನ ಕಾರಣ ಏನಂದ್ರ..."

"ನೀವು ಸುಮ್ನಿರ್ರಿ. ನೀವೆಲ್ಲಿ ಕೇಳೀರಿ? ನಾ ಕೇಳೇನಿ," ಎಂದಳು ಸುವರ್ಣಾ. ತುಸು ಸರಿದು ನನಗೆ ಜಾಗ ಮಾಡಿದಳು. "ಇನ್ನೊಂದು ಇತ್ತು. ಹೇಳತೀನಿ, ಕುಂಡ್ರಿ."