ಎರಡು ಬೆಲ್

ಇಳಿಯುವವರ ಎರಡೂ ಕಾಲು ನೆಲಕ್ಕೆ ತಾಗುವವರೆಗೆ ಕಂಡಕ್ಟರ್ ಆದವನು ಹಗ್ಗ ಮುಟ್ಟಬಾರದು. ಒಂದು ಬೆಲ್ಲಿಗೆ ಬಸ್ಸು ನಿಲ್ಲುತ್ತದೆ, ಎರಡಕ್ಕೆ ಹೊರಡುತ್ತದೆ. ಹೊಸಬರಿಗೆಲ್ಲ ಇದನ್ನು ಗಿಳಿಪಾಠ ಮಾಡಿಸಿದವನು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಈಗ ಡ್ರೈವರ್ ಸೀಟಿನ ಹಿಂದೆ ನನ್ನ ಫೋಟೊ ಅಂಟಿಸಿದ್ದಾರೆ. ಕೆಳಗೆ ‘ಗಲಭೆಯಲ್ಲಿ ನಲವತ್ತೆರಡು ಜೀವ ಉಳಿಸಿದ ದೇಶದ ವೀರಪುತ್ರ’ ಎಂದಿದೆ. ಮಂತ್ರಿಗಳು ಹಾಕಿದ ಪದಕವನ್ನು ಹೆಂಡತಿ ದಿನಾ ಒರೆಸಿಡುತ್ತಾಳೆ. ಅಂದು ಬಸ್ಸಿನಲ್ಲಿದ್ದ ಪ್ರಯಾಣಿಕರು ನಲವತ್ತಮೂರು. ಅದು ನನಗೂ ಗೊತ್ತು, ಡ್ರೈವರಿಗೂ ಗೊತ್ತು, ಉಳಿದುಕೊಂಡ ಅಷ್ಟೂ ಜನಕ್ಕೂ ಗೊತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಸೇತುವೆಯ ಮೇಲೆ ಬಸ್ಸನ್ನು ಅಡ್ಡಗಟ್ಟಿದವರು ನಮ್ಮವರೇ. ಹೊಳೆಯಾಚೆಯವರು ಯಾರಿದ್ದಾರೋ ಇಳಿಸು, ಇಲ್ಲದಿದ್ದರೆ ಬಸ್ಸಿಗೆ ಬೆಂಕಿ ಎಂದರು. ದಿನಾ ಬರುವ ವಾಚ್ ರಿಪೇರಿಯವರು ತಾವಾಗಿಯೇ ಎದ್ದರು.

"ನಾನೊಬ್ನೇ ಇರೋದು. ಬಸ್ ಬಿಟ್ಬಿಡಿ, ಒಳಗೆ ಮಕ್ಕಳಿದಾರೆ" ಎಂದರು.

ಅವರು ಒಂದು ಕಾಲು ನೆಲಕ್ಕಿಟ್ಟಿದ್ದರಷ್ಟೆ, ದೊಣ್ಣೆಯ ಏಟು ಬಿತ್ತು. ಬಾಗಿಲಿನ ಸರಳು ಹಿಡಿದು ನನ್ನತ್ತ ತಿರುಗಿದರು. ಕೈ ಚಾಚಿದ್ದರೆ ಒಳಗೆ ಎಳೆದುಕೊಳ್ಳಬಹುದಿತ್ತು. ನನ್ನ ಕೈ ಹಗ್ಗಕ್ಕೆ ಹೋಯಿತು. ಬಸ್ಸು ಹೊರಟಾಗ ಅವರ ಬೆರಳುಗಳು ಸರಳಿನಿಂದ ಬಿಟ್ಟುಹೋದದ್ದನ್ನು ಕಣ್ಣಾರೆ ಕಂಡೆ. ಸಮಯಪ್ರಜ್ಞೆಯಿಂದ ಬಸ್ಸು ಪಾರುಮಾಡಿದ ಧೀರ ಎಂದು ಪೇಪರಿನವರು ಬರೆದರು.

ಏಳು ತಿಂಗಳಾದ ಮೇಲೆ, ನಿನ್ನೆ, ಆ ವಾಚ್ ರಿಪೇರಿಯವರು ಊರುಗೋಲು ಹಿಡಿದು ಬಸ್ಸು ಹತ್ತಿದರು. ಬದುಕಿದ್ದಾರಲ್ಲ ಎಂದು ಸಮಾಧಾನಪಡಬೇಕಾದವನು ಎಲ್ಲಿ ಅಡಗಿಕೊಳ್ಳಲಿ ಎಂದು ನೋಡಿದೆ. ಥೂ, ನನ್ನ ಜನ್ಮಕ್ಕಿಷ್ಟು. ಅವರ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಫೋಟೊ ತೋರಿಸಿ, ಆ ಹೀರೊ ಇವರೇ ಎಂದು ಅವರಿಗೆ ನನ್ನನ್ನು ಪರಿಚಯಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದರು.

"ನಲವತ್ತೆರಡು. ಸರಿಯಾಗೇ ಎಣಿಸಿದಾರೆ" ಎಂದರು.

ಅಲ್ಲ, ಬಸ್ಸಿನಲ್ಲಿದ್ದವರು ನಲವತ್ತಮೂರು, ಉಳಿಸಿದವರು ಇವರು ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿಬಿಡಬೇಕೆನ್ನಿಸಿತು. ಪದಕ ಒರೆಸುವ ಹೆಂಡತಿಯ ಮುಖ ಕಣ್ಣೆದುರು ಬಂತು. ಬಾಯಿ ತೆರೆದರೆ ದಿನದ ಮಾತೇ ಬಂತು.

"ಯಾರ್ರೀ ಇಳಿಯೋರು?"

ಅವರೇ ಎದ್ದರು. ಬಾಗಿಲ ಬಳಿ ನನಗೆ ಮಾತ್ರ ಕೇಳುವಂತೆ ಹೇಳಿದರು:

"ಕಂಡಕ್ಟ್ರೇ, ಎರಡೂ ಕಾಲು ನೆಲಕ್ಕೆ ತಾಗಿದ್ಮೇಲೆ ಬೆಲ್ ಹೊಡೀರಿ."

ಮೊದಲು ಊರುಗೋಲು, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಅವರು ರಸ್ತೆ ದಾಟುವವರೆಗೂ ನನ್ನ ಕೈ ಮೇಲೇಳಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದ. ಅವನೂ ಅವಸರ ಮಾಡಲಿಲ್ಲ.

"ಎಷ್ಟು ಒಳ್ಳೆ ಮನಸ್ಸು ನೋಡಿ, ಆ ಅಜ್ಜ ದಾಟೋವರೆಗೂ ಕಾದ್ರು" ಎಂದಳು ಹುಡುಗಿ. ನಾಲ್ಕಾರು ಜನ ತಲೆದೂಗಿದರು.

ನಾನು ಅದಕ್ಕೂ ಅಲ್ಲ ಎನ್ನಲಿಲ್ಲ. ಎರಡು ಬೆಲ್ ಹೊಡೆದೆ.