ಒಂದ ಬಾಲ್ ಹಾಕವಾ

ಮಹಿಳೆಯರ ಲೀಗಿನ ತಂಡವೊಂದು ಪಾಳಾ ಎಂಬ ಊರಿನ ಉಮಾಶ್ರೀಯನ್ನು ಹರಾಜಿನಲ್ಲಿ ಕೊಂಡಾಗ ಊರಿಗೆ ಊರೇ ಪಟಾಕಿ ಹೊಡೆದಿತ್ತು. ಎಡಗೈ ವೇಗದ ಬೌಲರ್ ಅವಳು. ಮೂರನೇ ಪಂದ್ಯದಲ್ಲೇ ಭುಜದೊಳಗೆ ಏನೋ ಹರಿಯಿತು. ಉಳಿದ ಸೀಸನ್ ಪೂರ್ತಿ ಬೆಂಚಿನ ಮೇಲೆ ಕೂತಳು. ಊರಿಗೆ ಹೊರಟಾಗ ಮ್ಯಾನೇಜರ್ ಕರೆದು ಹೇಳಿದ್ದ: "ನಿನ್ನನ್ನು ಬೇರೆ ತಂಡಕ್ಕೆ ಕೊಡೋ ಮಾತು ನಡೀತಿದೆ. ಭುಜದ ವಿಷಯ ಯಾರಿಗೂ ಗೊತ್ತಾಗಬಾರದು. ಹೊರಗೆ ಬಿದ್ದರೆ ನಿನ್ನ ಆಟ ಮುಗೀತು ಅಂತ ತಿಳ್ಕೋ."

ಆ ಭಾನುವಾರ ಊರಿನ ಮೈದಾನದಲ್ಲಿ ಟೂರ್ನಮೆಂಟ್. ಉದ್ಘಾಟನೆಗೆ ಅವಳೇ ಬೇಕಂತೆ. ಹಾರ ಹಾಕಿ, ಶಾಲು ಹೊದಿಸಿ, ಪಂಚಾಯ್ತಿಯ ಪರಸಪ್ಪ ಹೊಸ ಚೆಂಡನ್ನು ಕೈಗಿಟ್ಟ.

"ಒಂದ ಬಾಲ್ ಹಾಕವಾ. ಟಿವ್ಯಾಗ ನೋಡಿದ್ದನ್ನ ಕಣ್ಣಾರೆ ನೋಡೂಣು."

"ಬ್ಯಾಡ್ರಿ ಕಾಕಾ. ಹೊರಗ ಆಡಾಕ ತಂಡದವರು ಬಿಡೂದಿಲ್ರಿ."

"ಒಂದ ಬಾಲಿಗೆ ಏನ್ ಆಗ್ತೈತಿ?"

ಜನ ನಕ್ಕರು. ಸುತ್ತಲೂ ಮೊಬೈಲುಗಳು ಮೇಲೆದ್ದವು. ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಧೋತರ ಉಟ್ಟು ಕೂತಿದ್ದ ಅಪ್ಪ ಚನಬಸಪ್ಪ, "ಹಾಕು ಮಗಳ, ಯಾಕ ನಾಚ್ತಿ?" ಎಂದ.

ಹಾಕಿದರೆ ಕೈ ಹೋಗುತ್ತದೆ. ಯಾಕೆ ಹಾಕುವುದಿಲ್ಲ ಎಂದು ಹೇಳಿದರೆ ಆಟವೇ ಹೋಗುತ್ತದೆ. ಉಮಾಶ್ರೀ ಚೆಂಡನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಮನೆ ಕಡೆ ನಡೆದಳು.

"ದೊಡ್ಡಾಕಿ ಆಗ್ಯಾಳ್ರೋ!" ಎಂದು ಹಿಂದಿನಿಂದ ಯಾರೋ ಅಂದರು.

ಮನೆಗೆ ಬಂದ ಅಪ್ಪ ಅವಳಿಗೆ ಬೆನ್ನು ಹಾಕಿ ಕೂತ. ಊಟದ ಹೊತ್ತಿಗೆ ಉಮಾಶ್ರೀ ಹಲಗೆಯ ಮೇಲಿದ್ದ ರೊಟ್ಟಿ ಬುಟ್ಟಿ ಇಳಿಸಲೆಂದು ಮರೆತು ಎಡಗೈ ಎತ್ತಿದಳು. ಕೈ ಅರ್ಧಕ್ಕೇ ನಿಂತಿತು. ಹಲ್ಲು ಕಚ್ಚಿ ಗೋಡೆಗೆ ಒರಗಿದಳು.

"ಏನಾಗೇತಿ ಕೈಗೆ?" ಚನಬಸಪ್ಪ ಎದ್ದು ಬಂದ.

ಅವಳು ಎಲ್ಲ ಹೇಳಿ ಅತ್ತಳು. "ಯಾರ ಮುಂದೂ ಅನಬ್ಯಾಡಪ್ಪ."

ಅವನು ಬುಟ್ಟಿ ಇಳಿಸಿ ಅವಳ ತಟ್ಟೆಗೆ ರೊಟ್ಟಿ ಹಾಕಿದ. ತಾನು ಉಣ್ಣಲಿಲ್ಲ.

ಮುಂಡಗೋಡದ ಸಂತೆಯಲ್ಲಿ ಪರಸಪ್ಪ ಅಪ್ಪ ಮಗಳಿಬ್ಬರಿಗೂ ಎದುರಾದ. "ಏನಪಾ ಚನಬಸಪ್ಪ, ಮಗಳಿಗೆ ಸೊಕ್ಕು ಬಂತೇನು? ಊರ ಮಾನ ಕಳದ್ಲಲ್ಲೋ!"

ಅಪ್ಪನ ತುಟಿ ಅದುರಿದ್ದನ್ನು ಉಮಾಶ್ರೀ ಕಂಡಳು. ಈಗ ಹೇಳಿಯೇಬಿಡುತ್ತಾನೆ ಎಂದುಕೊಂಡಳು.

"ಹೌದ್ರಿ," ಎಂದ ಅವನು. "ಸೊಕ್ಕ ಬಂದೈತಿ. ನಾನ ಸಲಿಗಿ ಹೆಚ್ಚ ಕೊಟ್ಟೇನಿ."



ತಿಂಗಳೊಪ್ಪತ್ತಿನಲ್ಲಿ ತಂಡ ಅವಳನ್ನು ಕೈಬಿಟ್ಟಿತು. ಬೇರೆ ಯಾರೂ ಕೊಳ್ಳಲಿಲ್ಲ. ಸುದ್ದಿ ತಿಳಿದ ಚನಬಸಪ್ಪ ಅಂಗಿ ತೊಟ್ಟು ಹೊರಟ. "ಇನ್ಯಾಕ ಅಂಜಿಕಿ? ಊರಿಗೆಲ್ಲಾ ಹೇಳಿ ಬರ್ತೇನಿ."

"ತಂಡದಾಗಿಂದ ತಗದ ಮ್ಯಾಲೆ ನೆವ ಹೇಳಾಕತ್ತಾರ ಅಂತಾರಪ್ಪ. ಯಾರ ನಂಬ್ತಾರ?"

ಅವನು ಹೊಸ್ತಿಲಲ್ಲೇ ನಿಂತ. ಬೀದಿಯಲ್ಲಿ ಹೋಗುತ್ತಿದ್ದ ಪರಸಪ್ಪ ಇತ್ತ ನೋಡಿ ಮುಖ ತಿರುಗಿಸಿದ. ಚನಬಸಪ್ಪ ಒಳಗೆ ಬಂದು ಬಾಗಿಲು ಎಳೆದುಕೊಂಡ.